ನೀವು ಕಟ್ಟಿದ ಸೆಸ್ ಎಲ್ಲಿಗೆ ಹೋಯಿತು? ಪಾಲಿಕೆ ಬಜೆಟ್ ಓದುವ ಬಗೆ

ಕಲಬುರಗಿ ಮಹಾನಗರ ಪಾಲಿಕೆಯ ಬಜೆಟ್ ಮಂಡನೆಯಾದ ಮರುದಿನ ಎಲ್ಲರ ಬಾಯಲ್ಲೂ ಎರಡೇ ಅಂಕಿ: ಒಟ್ಟು ಗಾತ್ರ, ಉಳಿತಾಯ. ಸದ್ಯಕ್ಕೆ ಎರಡನ್ನೂ ಬದಿಗಿಡಿ. ಪಾಲಿಕೆಯ ಹಣವೆಲ್ಲ ಒಂದೇ ಗಂಟಲ್ಲ. ಒಂದೊಂದು ಉದ್ದೇಶಕ್ಕೆ ಬೇರೆ ಬೇರೆ ಕಟ್ಟಿಟ್ಟದ್ದು.

ಮೊದಲು ಮನೆಯ ಆಸ್ತಿ ತೆರಿಗೆ ರಸೀದಿ ತೆಗೆಯಿರಿ. ತೆರಿಗೆಯ ಮೇಲೆ ಸೆಸ್, ಅಂದರೆ ಒಂದು ನಿರ್ದಿಷ್ಟ ಉದ್ದೇಶಕ್ಕೆಂದೇ ವಸೂಲಿ ಮಾಡುವ ಉಪಕರ, ಸೇರಿರುತ್ತದೆ: ಆರೋಗ್ಯ ಸೆಸ್ ಶೇ 15, ಗ್ರಂಥಾಲಯ ಸೆಸ್ ಶೇ 6, ಭಿಕ್ಷುಕರ ಪುನರ್ವಸತಿಗಾಗಿ ಭಿಕ್ಷುಕರ ಸೆಸ್ ಶೇ 3. ಸಾವಿರ ರೂಪಾಯಿ ತೆರಿಗೆ ಕಟ್ಟುವವರು ಗ್ರಂಥಾಲಯಕ್ಕೆಂದೇ 60 ರೂಪಾಯಿ ಕೊಡುತ್ತಾರೆ. ಅದು ಪಾಲಿಕೆಯ ಆದಾಯವಲ್ಲ, ಸಂಗ್ರಹಿಸಿ ಗ್ರಂಥಾಲಯ ಪ್ರಾಧಿಕಾರಕ್ಕೆ ಪಾವತಿಸಬೇಕಾದ ಹಣ.

ಈಗ ಬಜೆಟ್ ಪುಸ್ತಕ. ರಾಜಸ್ವ (ದಿನನಿತ್ಯದ ಆದಾಯ-ವೆಚ್ಚ) ಮತ್ತು ಬಂಡವಾಳ (ರಸ್ತೆ, ಕಟ್ಟಡದಂಥ ಆಸ್ತಿ ನಿರ್ಮಾಣ) ಲೆಕ್ಕಗಳ ನಂತರ ಅಸಾಧಾರಣ ಲೆಕ್ಕ ಬರುತ್ತದೆ. ಹೆಚ್ಚಿನವರು ಆ ಪುಟಗಳನ್ನು ತಿರುವಿಹಾಕಿ ಮುಂದೆ ಹೋಗುತ್ತಾರೆ. ನೀವು ಅಲ್ಲೇ ನಿಲ್ಲಿ. ಸೆಸ್, ಗುತ್ತಿಗೆದಾರರ ಠೇವಣಿಯಂಥ ಪರರ ಹಣ ಇರುವುದು ಅಲ್ಲಿ. ಸಂಗ್ರಹಿಸಿದ ಸೆಸ್‌ಗಿಂತ ಪಾವತಿಸಿದ್ದು ಕಡಿಮೆಯಿದ್ದರೆ, ಆ ವ್ಯತ್ಯಾಸ ಪಾಲಿಕೆಯ ತಲೆಯ ಮೇಲಿನ ಬಾಕಿ. ಅದನ್ನು ಉಳಿತಾಯವೆಂದು ಒಪ್ಪಬೇಡಿ.

ಅನುದಾನಕ್ಕೂ ಕಟ್ಟುಪಾಡಿದೆ. 2021-26ರ ಅವಧಿಗೆ ಕೇಂದ್ರದ 15ನೇ ಹಣಕಾಸು ಆಯೋಗವು ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ನಗರಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ನಿರ್ಬಂಧಿತ: ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ನೀರಿನ ಪಾಲಿನಿಂದ ಜಗತ್ ವೃತ್ತದಲ್ಲಿ ಬೀದಿದೀಪ ಹಾಕುವಂತಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಮೀಸಲು ನಿಧಿ. ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5. ಬಜೆಟ್‌ನಲ್ಲಿ ಅಂದಾಜು, ಪರಿಷ್ಕೃತ ಅಂದಾಜು, ವಾಸ್ತವಿಕ ಎಂಬ ಕಾಲಂಗಳಿರುತ್ತವೆ. ಅಂದಾಜಿನಲ್ಲಿ ಶೇ 5 ತೋರಿಸುವುದು ಸುಲಭ. ಹಿಂದಿನ ವರ್ಷದ ವಾಸ್ತವಿಕದಲ್ಲಿ ಎಷ್ಟು ಖರ್ಚಾಗಿದೆ ಎಂದು ನೋಡಿ. ಮಾರ್ಚ್ 31ಕ್ಕೆ ಆ ಹಣ ಖರ್ಚಾಗದೆ ಉಳಿದರೆ, ಯಾರೋ ಒಬ್ಬರಿಗೆ ಆ ವರ್ಷ ತ್ರಿಚಕ್ರ ವಾಹನ ಸಿಕ್ಕಿಲ್ಲ ಎಂದರ್ಥ. ಇಂಥ ಸಾಲಿನ ಮುಂದೆ ಸೊನ್ನೆ ಕಂಡರೆ ನಿಮ್ಮ ವಾರ್ಡಿನ ಸದಸ್ಯರನ್ನು ಕೇಳಲೇಬೇಕು.

ಪುಸ್ತಕದಲ್ಲಿ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಆದ್ದರಿಂದ ಒಂದು ನಿಧಿಗೆ ಒಂದು ಅರ್ಜಿ ಬರೆಯಿರಿ. ‘ಗ್ರಂಥಾಲಯ ಸೆಸ್: ಕಳೆದ ಮೂರು ವರ್ಷಗಳಲ್ಲಿ ಸಂಗ್ರಹಿಸಿದ್ದು, ಪಾವತಿಸಿದ್ದು, ಬಾಕಿ, ವರ್ಷವಾರು’ ಎಂದಷ್ಟೇ ಕೇಳಿದರೆ ಸಾಕು. 30 ದಿನಗಳೊಳಗೆ ಉತ್ತರ ಕೊಡಬೇಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಪಾಲಿಕೆಯಿಂದ ಬೇರೆಯಾದ ಸರ್ಕಾರಿ ಸಂಸ್ಥೆ; ಅದರ ಕಾಮಗಾರಿಗಳ ಲೆಕ್ಕ ಬೇಕಿದ್ದರೆ ಮಂಡಳಿಗೇ ಪ್ರತ್ಯೇಕ ಅರ್ಜಿ ಸಲ್ಲಿಸಿ.