‘ಶಕ್ತಿ ಮುಗಿದುಹೋಯಿತು’ ಎನ್ನುವ ತರಗತಿಗೆ ಸೀಸದ ಗುಂಡು

ಒಂಬತ್ತನೇ ತರಗತಿಯ ಮಕ್ಕಳು ಶಕ್ತಿ ನಾಶವಾಗುವುದಿಲ್ಲ, ರೂಪ ಬದಲಿಸುತ್ತದೆ ಎನ್ನುವ ಶಕ್ತಿ ಸಂರಕ್ಷಣಾ ನಿಯಮವನ್ನು ಪಟಪಟನೆ ಒಪ್ಪಿಸುತ್ತಾರೆ. ಕೆಳಗೆ ಬಿದ್ದು ನಿಂತ ಕಲ್ಲಿನ ಶಕ್ತಿ ಎಲ್ಲಿ ಹೋಯಿತು ಎಂದರೆ ಮಾತ್ರ ‘ಮುಗಿದುಹೋಯಿತು ಸರ್’ ಎನ್ನುತ್ತಾರೆ.

ಲೋಲಕ ತೋರಿಸಿ ಪ್ರಯೋಜನವಾಗಲಿಲ್ಲ. ಅದೂ ಕೊನೆಗೆ ನಿಲ್ಲುತ್ತದೆ. ಎಂಜಿಎಚ್ (ದ್ರವ್ಯರಾಶಿ × ಗುರುತ್ವ ವೇಗೋತ್ಕರ್ಷ × ಎತ್ತರ, ಅಂದರೆ ಎತ್ತರದಲ್ಲಿರುವ ವಸ್ತುವಿನ ಶಕ್ತಿ) ಲೆಕ್ಕಗಳು ಅಂಕ ತಂದವು, ಅಷ್ಟೇ. ಘರ್ಷಣೆಯೇ ಇಲ್ಲದ ಅನಿಮೇಷನ್‌ನಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ.

ಫಲ ಕೊಟ್ಟದ್ದು ಪಿವಿಸಿ ಪೈಪು. ಎರಡೂ ತುದಿಗೆ ಬಿಗಿಯಾದ ರಬ್ಬರ್ ಬಿರಡೆ, ಒಳಗೆ ಕಾಲು ಕಿಲೋದಷ್ಟು ಸೀಸದ ಸಣ್ಣ ಗುಂಡುಗಳು. ಪೈಪು ನೆಟ್ಟಗೆ ನಿಂತಾಗ ಗುಂಡಿನ ರಾಶಿಯ ಮೇಲೆ ಸರಿಯಾಗಿ ಒಂದು ಮೀಟರ್ ಖಾಲಿ ಜಾಗ ಉಳಿಯಬೇಕು. ಮೊದಲು ಗುಂಡುಗಳನ್ನು ಥರ್ಮೋಕೋಲ್ ಲೋಟಕ್ಕೆ ಸುರಿದು ತಾಪ ಅಳೆಯಿರಿ. ಆಮೇಲೆ ಏನಾಗಬಹುದೆಂದು ಮಕ್ಕಳಿಂದ ಊಹೆ ಬರೆಸಿ. ಇದನ್ನು ಬಿಟ್ಟರೆ ಪ್ರಯೋಗ ಬರೀ ತಮಾಷೆ. ಗುಂಡುಗಳನ್ನು ಪೈಪಿಗೆ ತುಂಬಿ 50 ಬಾರಿ ಥಟ್ಟನೆ ತಲೆಕೆಳಗು ಮಾಡಿ. ನಿಧಾನವಾಗಿ ವಾಲಿಸಿದರೆ ಗುಂಡು ಬೀಳುವುದಿಲ್ಲ, ಜಾರುತ್ತದೆ. ತಕ್ಷಣ ಲೋಟಕ್ಕೆ ಸುರಿದು ಮತ್ತೆ ಅಳೆಯಿರಿ.

ಬಿದ್ದ ಗುಂಡಿನ ಶಕ್ತಿಯೆಲ್ಲ ಶಾಖವಾಯಿತು ಎಂದುಕೊಂಡರೆ ಲೆಕ್ಕ ಹೀಗೆ: ಗುರುತ್ವ 9.8 × ಎತ್ತರ 1 ಮೀಟರ್ × 50 ಬಾರಿ, ಅಂದರೆ ಕಿಲೋಗೆ 490 ಜೂಲ್. ಸೀಸದ ವಿಶಿಷ್ಟೋಷ್ಣ, ಅಂದರೆ ಒಂದು ಕಿಲೋ ಸೀಸದ ತಾಪ ಒಂದು ಡಿಗ್ರಿ ಏರಲು ಬೇಕಾದ ಶಾಖ, ಸುಮಾರು 130 ಜೂಲ್; ಭಾಗಿಸಿದರೆ ತಾಪದ ಏರಿಕೆ 3.8 ಡಿಗ್ರಿ ಸೆಲ್ಸಿಯಸ್. ದ್ರವ್ಯರಾಶಿ ಎರಡೂ ಕಡೆಯಿಂದ ಹೊಡೆದುಹೋಗುವುದರಿಂದ ತೂಗುವ ಗೋಜಿಲ್ಲ. ಥರ್ಮಾಮೀಟರಿನಲ್ಲಿ ಇದಕ್ಕಿಂತ ಕಡಿಮೆಯೇ ಬರುತ್ತದೆ. ಆ ಕೊರತೆ ಎಲ್ಲಿ ಹೋಯಿತೆಂದು ಕೇಳಿದರೆ ‘ಪೈಪೂ ಬಿಸಿಯಾಗಿರಬೇಕು’ ಎಂದು ಮಕ್ಕಳೇ ಹೇಳುತ್ತಾರೆ.

ಸೀಸ ಮುಟ್ಟಿದ ಕೈಗಳನ್ನು ಸೋಪು ಹಾಕಿ ತೊಳೆಸಿಯೇ ಊಟಕ್ಕೆ ಬಿಡಿ.