ಫುಜಿ 1000 ಕಿ.ಮೀ.: 510 ಲೀಟರಿನಲ್ಲಿ ಓಟ ಮುಗಿಸುವ ಲೆಕ್ಕ

1983ರಲ್ಲಿ ಶುರುವಾದ ಆಲ್ ಜಪಾನ್ ಸ್ಪೋರ್ಟ್ಸ್ ಪ್ರೊಟೊಟೈಪ್ ಚಾಂಪಿಯನ್‌ಶಿಪ್ 1992ಕ್ಕೆ ಮುಗಿದುಹೋಯಿತು. ಆ ಕೊನೆಯ ಸೀಸನ್ನಿನಲ್ಲಿ ಮೆರೆದದ್ದು ನಿಸಾನ್ ಆರ್92ಸಿಪಿ: 3.5 ಲೀಟರಿನ ವಿ8 ಎಂಜಿನ್, ಎರಡು ಟರ್ಬೊ. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಸಿಮ್ ರೇಸಿಂಗ್‌ನಲ್ಲಿ ಈ ಕಾರು ಸಿಕ್ಕರೆ ಸಾಮಾನ್ಯವಾಗಿ ಎಲ್ಲರೂ ಬೂಸ್ಟ್ (ಟರ್ಬೊ ಒತ್ತಡ) ಪೂರ್ತಿ ಏರಿಸಿ ನಾಲ್ಕು ಲ್ಯಾಪ್ ಸುತ್ತಿ ಬಿಟ್ಟುಬಿಡುತ್ತಾರೆ. ಈ ಕಾರು ಸೇರಿದ್ದ ಗ್ರೂಪ್ ಸಿ ವರ್ಗದ ಓಟದ ನಿಜವಾದ ಸೊಗಸು ಅಲ್ಲಿಲ್ಲ. ಅದು ಇರುವುದು ಪೆಟ್ರೋಲಿನ ಲೆಕ್ಕದಲ್ಲಿ. 1985ರಿಂದ ಗ್ರೂಪ್ ಸಿ ಕಾರಿಗೆ 1000 ಕಿ.ಮೀ.ಗೆ 510 ಲೀಟರ್, ಟ್ಯಾಂಕಿಗೆ 100 ಲೀಟರ್ ಎಂಬ ಮಿತಿ ಇತ್ತು. ಅದೇ ಮಿತಿ ಹಾಕಿಕೊಂಡು ಸಿಮ್‌ನಲ್ಲಿ ಜಪಾನಿನ ಫುಜಿ ಟ್ರ್ಯಾಕಿನ ಮೇಲೆ 1000 ಕಿ.ಮೀ. ಓಡಿಸುವ ಕ್ರಮ ಇದು.

ಮೊದಲು ಸೆಟ್ಟಿಂಗ್. ಇಂಧನ ಖರ್ಚು 1 ಪಟ್ಟು (ಅಂದರೆ ನಿಜದಷ್ಟೇ), ಟೈರ್ ಸವೆತ 1 ಪಟ್ಟು, ಟ್ಯಾಂಕ್ 100 ಲೀಟರ್, ಪಿಟ್‌ನಲ್ಲಿ (ಓಟದ ನಡುವೆ ಪೆಟ್ರೋಲ್, ಟೈರಿಗೆ ನಿಲ್ಲುವ ಜಾಗ) ತುಂಬುವ ವೇಗ ಸೆಕೆಂಡಿಗೆ 1 ಲೀಟರ್. ಆಗಿನ ಫುಜಿಯ ಒಂದು ಸುತ್ತು 4.470 ಕಿ.ಮೀ., ಹಾಗಾಗಿ 224 ಲ್ಯಾಪ್. ನಿಮ್ಮ ಸಿಮ್‌ನಲ್ಲಿ 2005ರಲ್ಲಿ ಮತ್ತೆ ತೆರೆದ ಈಗಿನ ಟ್ರ್ಯಾಕ್ ಮಾತ್ರ ಇದ್ದರೆ ಸುತ್ತು 4.563 ಕಿ.ಮೀ., ಲ್ಯಾಪ್ 220. ಇಲ್ಲೇ ಅನೇಕರು ಎಡವುತ್ತಾರೆ: ಹಳೆಯ ಟ್ರ್ಯಾಕಿನ ಲ್ಯಾಪ್ ಖರ್ಚನ್ನು ಹೊಸದಕ್ಕೆ ಹಿಡಿದು ಕೂತರೆ ಕಾರಣವಿಲ್ಲದೆ ನಿಧಾನವಾಗುತ್ತೀರಿ. ಮುಂದಿನ ಲೆಕ್ಕವೆಲ್ಲ 4.470ರದ್ದು.

510 ಲೀಟರನ್ನು 224 ಲ್ಯಾಪಿಗೆ ಹಂಚಿದರೆ ಲ್ಯಾಪಿಗೆ 2.277. ಟ್ಯಾಂಕಿನ ತಳದ ಕೊನೆಯ 2 ಲೀಟರನ್ನು ನಂಬಬೇಡಿ. ಉದ್ದ ತಿರುವಿನಲ್ಲಿ ಪೆಟ್ರೋಲ್ ಒಂದು ಬದಿಗೆ ವಾಲಿ ಎಂಜಿನ್ ಕೆಮ್ಮುತ್ತದೆ. ಅದನ್ನು ಕಳೆದರೆ 2.27. ಇದು ಐದು ಪಿಟ್ ನಿಲುಗಡೆಯ ಓಟ: ಶುರುವಿನಲ್ಲಿ ಟ್ಯಾಂಕ್ ತುಂಬ 100, ಆಮೇಲೆ ಐದು ಸಲ 82 ಲೀಟರ್, ಸುಮಾರು 37 ಲ್ಯಾಪಿಗೊಮ್ಮೆ. ಭಾರ ಕಡಿಮೆಯಿರಲಿ ಎಂದು ಶುರುವಿನಲ್ಲಿ ಅರೆ ಟ್ಯಾಂಕ್ ಇಡಬೇಡಿ. ಓಟಕ್ಕೆ ಮುಂಚೆ ತುಂಬಿದ ಪೆಟ್ರೋಲಿಗೆ ಸಮಯ ತೆರಬೇಕಿಲ್ಲ, ಪಿಟ್‌ನಲ್ಲಿ ತುಂಬಿದ ಪ್ರತಿ ಲೀಟರಿಗೂ ಒಂದು ಸೆಕೆಂಡ್ ತೆರಬೇಕು.

ಈಗ ಗಮ್ಮತ್ತಿನ ವಿಷಯ. ಐದು ಟ್ಯಾಂಕ್ ಎಂದರೆ 500 ಲೀಟರ್, ಅಂದರೆ ಮಿತಿಗಿಂತ ಹತ್ತೇ ಲೀಟರ್ ಕಡಿಮೆ. ಪ್ರತಿ ಟ್ಯಾಂಕಿನಲ್ಲಿ 98 ಲೀಟರ್ ಬಳಸಿ 45 ಲ್ಯಾಪ್ ಎಳೆದರೆ ನಾಲ್ಕೇ ನಿಲುಗಡೆ ಸಾಕು. ಅದಕ್ಕೆ ಲ್ಯಾಪಿಗೆ 2.17 ಲೀಟರ್ ಮೀರಬಾರದು, ಉಳಿಸಬೇಕಾದದ್ದು 0.10 ಲೀಟರ್. ಲಾಭ ಎಷ್ಟು? ತುಂಬುವ ಸಮಯ 410 ಸೆಕೆಂಡಿನಿಂದ 392ಕ್ಕೆ ಇಳಿಯುತ್ತದೆ. ಒಂದು ಸಲ ಪಿಟ್ ಲೇನ್ ಹೊಕ್ಕು ಬರುವ ನಷ್ಟವೂ ತಪ್ಪುತ್ತದೆ. ಅದನ್ನು ಅಭ್ಯಾಸದಲ್ಲಿ ನೀವೇ ಅಳೆಯಿರಿ: ಪೆಟ್ರೋಲ್ ತುಂಬದೆ ಬರೀ ಪಿಟ್ ಲೇನ್ ಹಾದುಬನ್ನಿ, ಮಾಮೂಲಿ ಲ್ಯಾಪಿನ ಸಮಯ ಕಳೆಯಿರಿ. ಅದು 25 ಸೆಕೆಂಡ್ ಬಂದರೆ ಒಟ್ಟು ಲಾಭ 43 ಸೆಕೆಂಡ್, ಲ್ಯಾಪಿಗೆ ಹಂಚಿದರೆ 0.19. ಉಳಿತಾಯಕ್ಕಾಗಿ ನಿಮ್ಮ ಲ್ಯಾಪ್ 0.19 ಸೆಕೆಂಡಿಗಿಂತ ಹೆಚ್ಚು ನಿಧಾನವಾದರೆ ಐದು ನಿಲುಗಡೆಯೇ ಲೇಸು. ಟೈರನ್ನೂ ಮರೆಯಬೇಡಿ. ನಾಲ್ಕು ನಿಲುಗಡೆಯ ಉಪಾಯದಲ್ಲಿ ಒಂದು ಸೆಟ್ ಟೈರ್ 45 ಲ್ಯಾಪ್, ಅಂದರೆ 201 ಕಿ.ಮೀ. ಬಾಳಬೇಕು. ಕೊನೆಯ ಎಂಟು ಲ್ಯಾಪಿನ ಸವೆತದ ನಷ್ಟವನ್ನೂ ಇದೇ ತಕ್ಕಡಿಗೆ ಹಾಕಿ.

ಆ 0.10 ಲೀಟರ್ ಎಲ್ಲಿ ಹುಟ್ಟುತ್ತದೆ? ಒಂದು ಲ್ಯಾಪಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿರುವ ಸಮಯ ಸುಮಾರು 48 ಸೆಕೆಂಡ್ ಎಂದುಕೊಳ್ಳಿ. 2.27ನ್ನು 48ರಿಂದ ಭಾಗಿಸಿದರೆ ಸೆಕೆಂಡಿಗೆ 0.047 ಲೀಟರ್. ಹಾಗಾದರೆ ಇಡೀ ಲ್ಯಾಪಿನಲ್ಲಿ ಎರಡು ಸೆಕೆಂಡಿನಷ್ಟು ಕಾಲು ಎತ್ತಿದರೆ ಕೆಲಸ ಆಯಿತು. ನಾಲ್ಕು ಕಡೆ ಅರ್ಧರ್ಧ ಸೆಕೆಂಡ್.

ಎತ್ತಬೇಕಾದ ಜಾಗ ನೇರ ಹಾದಿಯ ತುದಿ. ಮುಖ್ಯ ನೇರ ಹಾದಿ ಸುಮಾರು ಒಂದೂವರೆ ಕಿ.ಮೀ.; ಅದರ ಕೊನೆಯಲ್ಲಿ ಬ್ರೇಕಿಗೆ ಅರ್ಧ ಸೆಕೆಂಡ್ ಮುಂಚೆ ಕಾಲು ತೆಗೆಯಿರಿ, ಕಾರು ತಾನಾಗಿ ಉರುಳಲಿ, ಆಮೇಲೆ ಮಾಮೂಲಿಗಿಂತ ತಡವಾಗಿ, ಮೆತ್ತಗೆ ಬ್ರೇಕ್ ಒತ್ತಿ. ಅಲ್ಲಿ ಕೂಡಿಸಿದ ವೇಗವನ್ನು ಹೇಗೂ ಬ್ರೇಕ್ ತಿಂದುಹಾಕುತ್ತದೆ, ಹಾಗಾಗಿ ನಷ್ಟ ಕಡಿಮೆ. ತಿರುವಿನಿಂದ ಹೊರಬರುವಾಗ ಮಾತ್ರ ಜಿಪುಣತನ ಬೇಡ. ಅಲ್ಲಿ ಕಾಲು ತೆಗೆದರೆ ಟರ್ಬೊ ಒತ್ತಡ ಬಿದ್ದುಹೋಗಿ, ಮತ್ತೆ ಏರುವಷ್ಟರಲ್ಲಿ ನೇರ ಹಾದಿಯುದ್ದಕ್ಕೂ ವೇಗ ಕಳೆದಿರುತ್ತದೆ. ಬೂಸ್ಟನ್ನು ಒಂದು ಮೆಟ್ಟಿಲು ಇಳಿಸುವುದು, ಗೇರನ್ನು ಎಂಜಿನ್ ವೇಗದ ಕೆಂಪು ಗೆರೆಗೆ ಸ್ವಲ್ಪ ಮುಂಚೆ ಬದಲಿಸುವುದು ಇವೂ ಉಳಿತಾಯವೇ. ಮುಂದಿನ ಕಾರಿನ ಬೆನ್ನಿಗೆ ಅಂಟಿ ಹೋಗುವಾಗಲೂ ಕಾಲೆತ್ತಿ. ಗಾಳಿಯ ತಡೆ ಕಡಿಮೆ ಇರುವುದರಿಂದ ವೇಗ ಬೇಗ ಇಳಿಯುವುದಿಲ್ಲ.

ಒಂದು ಹಾಳೆ ಪಕ್ಕದಲ್ಲಿರಲಿ. ಐದು ಲ್ಯಾಪಿಗೊಮ್ಮೆ ಗೆರೆ ದಾಟುವ ಕ್ಷಣದಲ್ಲಿ ಟ್ಯಾಂಕ್ ಎಷ್ಟು ತೋರಿಸುತ್ತದೋ ಬರೆಯಿರಿ. ನಾಲ್ಕು ನಿಲುಗಡೆಯ ಗುರಿ 2.17ರಂತೆ, 100ರಿಂದ ಶುರುವಾದರೆ ಐದನೆಯ ಲ್ಯಾಪಿಗೆ 89.1, ಹತ್ತಕ್ಕೆ 78.3, ಇಪ್ಪತ್ತಕ್ಕೆ 56.6 ಇರಬೇಕು. ಇಪ್ಪತ್ತರಲ್ಲಿ 55 ಕಂಡರೆ ಉಳಿದ 25 ಲ್ಯಾಪಿಗೆ ಗುರಿ 2.12 ಆಗುತ್ತದೆ, ಆಗಲೇ ಸರಿಪಡಿಸಿಕೊಳ್ಳಿ. ನಲವತ್ತನೆಯ ಲ್ಯಾಪಿನಲ್ಲಿ ಅದೇ ಒಂದೂವರೆ ಲೀಟರನ್ನು ಹಿಂಪಡೆಯಲು ಹೋದರೆ ಲ್ಯಾಪಿಗೆ 0.3 ಲೀಟರ್ ಉಳಿಸಬೇಕು, ಅಂದರೆ ಆರು ಸೆಕೆಂಡು ಕಾಲೆತ್ತಬೇಕು. ಅದು ಓಟವೇ ಅಲ್ಲ.

500 ಕಿ.ಮೀ. ಓಟಕ್ಕೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಮಿತಿ 255 ಲೀಟರ್. ಎರಡು ಟ್ಯಾಂಕಿಗೆ ಇಳಿಸಲು ಸಾಧ್ಯವೇ ಇಲ್ಲ, ಆದ್ದರಿಂದ ಎರಡು ನಿಲುಗಡೆ ಮಾಡಿ ಪೂರ್ತಿ ಸುಟ್ಟುಬಿಡಿ. ಫುಜಿ 500 ಮೈಲಿಗೆ ನಡೆಯುತ್ತದೆ: 804.67 ಕಿ.ಮೀ.ಗೆ 410 ಲೀಟರ್ ಬರುತ್ತದೆ, ನಾಲ್ಕು ಟ್ಯಾಂಕ್ ಎಂದರೆ 400, ಮೂರು ನಿಲುಗಡೆ.

ಅಪಘಾತವಾದಾಗ ಎಲ್ಲರನ್ನೂ ನಿಧಾನವಾಗಿ ಮುನ್ನಡೆಸುವ ಸೇಫ್ಟಿ ಕಾರ್ ಬಂದರೆ ಹಾಳೆಯ ಹಳೆಯ ಅಂಕಿಗಳನ್ನು ಹೊಡೆದುಹಾಕಿ. ಓಟ ಮತ್ತೆ ಶುರುವಾಗುವ ಲ್ಯಾಪಿನಲ್ಲಿ ಟ್ಯಾಂಕಿನಲ್ಲಿರುವುದರಿಂದ 2 ಕಳೆದು, ಆ ಟ್ಯಾಂಕಿನಲ್ಲಿ ಉಳಿದ ಲ್ಯಾಪಿನಿಂದ ಭಾಗಿಸಿ. ಉತ್ತರ 2.27 ದಾಟಿತೆಂದರೆ ಇಳಿಸಿದ್ದ ಬೂಸ್ಟನ್ನು ಆಗಲೇ ಏರಿಸಿ.