ಯಳಗ, ಕೆಂಗುರಿ, ಜವಾರಿ: ಬೇವಿನ ಕೊಂಬೆಗೆ ತೂಗುಹಾಕಿ ನೋಡಿದ್ದು

ಲಕ್ಷ್ಮೇಶ್ವರದ ಸುತ್ತ ನಮ್ಮ ಕಡೆ ಕಟ್ಟೆಯ ಮೇಲೆ ಕೂತು ಕುರಿ ತಳಿಯ ಮಾತು ತೆಗೆದರೆ ಸಾಕು, ಜಗಳ ಆದಂತೆಯೇ. "ಯಳಗದ ಮುಂದ ಉಳಿದದ್ದೆಲ್ಲಾ ಸುಳ್ಳು" ಅನ್ನುವವರು ಅರ್ಧ ಮಂದಿ. "ಎತ್ತರ ನೋಡಿ ಮರುಳಾಗಬ್ಯಾಡ್ರಿ, ಬರೇ ಎಲುಬು" ಅನ್ನುವವರು ಇನ್ನರ್ಧ. ಎರಡೂ ಪಂಗಡದವರು ಒಮ್ಮೆಯೂ ತೂಗಿ ನೋಡಿದವರಲ್ಲ. ನಾನೂ ನೋಡಿರಲಿಲ್ಲ. ಶೇಂಗಾ ಹೊಟ್ಟು ಮನೆತುಂಬ ಇದ್ದ ಒಂದು ವರ್ಷ, ಡಿಸೆಂಬರಿನಲ್ಲಿ, ಯಳಗ, ಕೆಂಗುರಿ, ಜವಾರಿ ಈ ಮೂರೂ ತಳಿಯ ಎಂಟೆಂಟು ಗಂಡುಮರಿ ತಂದು, ಮೂರು ದಡ್ಡಿ (ಕುರಿ ಕೂಡುವ ಬೇಲಿ) ಮಾಡಿ ಬೇರೆ ಬೇರೆ ಕೂಡಿಹಾಕಿದೆ.

ಯಳಗದ ಮರಿಗಳು ಗಜೇಂದ್ರಗಡದ ಕಡೆಯಿಂದ ಬಂದವು: ಉದ್ದ ಕಾಲು, ಜೋಲು ಕಿವಿ, ಉಬ್ಬಿದ ಮೂಗು, ಮೈಮೇಲೆ ಉಣ್ಣೆ ಅಷ್ಟಕ್ಕಷ್ಟೆ. ಕೆಂಗುರಿ ಹೆಸರಿಗೆ ತಕ್ಕಂತೆ ಕೆಂಪು ಕುರಿ, ಕೊಪ್ಪಳ–ರಾಯಚೂರು ಸೀಮೆಯದು. ಜವಾರಿ ಅಂದರೆ ನಮ್ಮೂರ ಕುರುಬರ ಹಿಂಡಿನ ಕರಿ ದಖ್ಖನಿ, ಕಂಬಳಿಗೆ ಉಣ್ಣೆ ಕೊಡುವ ಕುರಿ. ಬನ್ನೂರು ಕುರಿ ಯಾಕೆ ತರಲಿಲ್ಲ ಅಂತ ಕೇಳುವವರಿದ್ದಾರೆ. ಅದರ ಮಾಂಸಕ್ಕೆ ಹೆಸರಿದೆ, ಸುಳ್ಳಲ್ಲ. ಆದರೆ ಗಿಡ್ಡ ಕುರಿ, ಅಪ್ಪಟ ತಳಿ ಸಿಗುವುದು ಕಷ್ಟ, ಸಿಕ್ಕರೂ ನನ್ನ ಕಿಸೆಗೆ ಆಗುವ ದರವಲ್ಲ.

ಮೊದಲ ದಿನವೇ ತಪ್ಪು ಮಾಡಿದೆ. ಬೇವಿನ ಕೊಂಬೆಗೆ ಕೊಕ್ಕೆಯ ಡಿಜಿಟಲ್ ತಕ್ಕಡಿ, ಅದಕ್ಕೆ ಗೋಣಿತಟ್ಟಿನ ಜೋಳಿಗೆ ಕಟ್ಟಿ, ಸಂಜೆ ಮೇಯ್ದು ನೀರು ಕುಡಿದು ಬಂದ ಮರಿಗಳನ್ನು ಒಂದೊಂದಾಗಿ ತೂಗಿ ನೋಟ್‌ಬುಕ್ಕಿನಲ್ಲಿ ಬರೆದೆ. ಹದಿನೈದು ದಿನ ಬಿಟ್ಟು ಬೆಳಿಗ್ಗೆ ಹೊಟ್ಟೆ ಖಾಲಿ ಇದ್ದಾಗ ತೂಗಿದರೆ ಅರ್ಧಕ್ಕರ್ಧ ಮರಿ ಇಳಿದಿದ್ದವು! ಹಿಂಡಿ ಎಲ್ಲಿ ಹೋಯಿತು ಅಂತ ಗಾಬರಿಯಾದೆ. ಆಮೇಲೆ ತಿಳಿಯಿತು, ನಾನು ಮೊದಲು ತೂಗಿದ್ದು ಮರಿಯನ್ನಷ್ಟೇ ಅಲ್ಲ, ಹೊಟ್ಟೆಯೊಳಗಿನ ಹುಲ್ಲು ನೀರನ್ನೂ. ಆ ಪುಟ ಹರಿದು, ಬೆಳಗಿನ ತೂಕವನ್ನೇ ಲೆಕ್ಕದ ಮೊದಲ ದಿನ ಅಂತ ಹಿಡಿದೆ. ಜವಾರಿ ಮರಿಗಳ ಉಣ್ಣೆ ಕತ್ತರಿಸಿದ್ದೂ ಅವತ್ತೇ. ಕೊಳೆ, ಇಬ್ಬನಿ ಹಿಡಿದ ಉಣ್ಣೆಯೂ ತಕ್ಕಡಿಗೆ ಮೈ ಅಂತಲೇ ಕಾಣುತ್ತದೆ.

ಮೇವು ಎಲ್ಲಕ್ಕೂ ಒಂದೇ. ಹಗಲು ಹೊಲದಲ್ಲಿ ಮೇಯಿಸುವುದು, ರಾತ್ರಿ ಶೇಂಗಾ ಹೊಟ್ಟು, ಕಡಲೆ ಒಕ್ಕಿದ ಮೇಲೆ ಕಡಲೆ ಹೊಟ್ಟು. ಒಡೆದ ಗೋವಿನಜೋಳ, ಶೇಂಗಾ ಹಿಂಡಿ, ತೌಡು, ಉಪ್ಪು ಕಲಸಿದ ಕೈತಿಂಡಿ ಮಾತ್ರ ತಲೆಗಿಷ್ಟು ಅಂತ ಹಾಕದೆ ಮೈತೂಕದ ಲೆಕ್ಕದಲ್ಲಿ ಹಾಕಿದೆ, 10 ಕೆ.ಜಿ. ಮೈಗೆ ದಿನಕ್ಕೆ 150 ಗ್ರಾಂ. ತಲೆಗೆ ಸಮ ಹಾಕಿದರೆ ದೊಡ್ಡ ಮರಿ ಅರೆಹೊಟ್ಟೆ ಇದ್ದು, ತಳಿಯೇ ಕೆಟ್ಟದ್ದು ಅನ್ನಿಸಿಕೊಳ್ಳುತ್ತದೆ.

ಮೂರನೇ ವಾರ ನನಗೆ ಅವಸರ ಬಂತು. ಗೋವಿನಜೋಳವನ್ನು ಒಮ್ಮೆಲೇ ಜಾಸ್ತಿ ಮಾಡಿದೆ. ಕರುಳುಬೇನೆಯ ಲಸಿಕೆಯನ್ನೂ ಇವತ್ತು ನಾಳೆ ಅಂತ ಮುಂದೂಡುತ್ತ ಬಂದಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಯಳಗದ ದಡ್ಡಿಯಲ್ಲಿ ಎಲ್ಲಕ್ಕಿಂತ ದಷ್ಟಪುಷ್ಟ ಮರಿ ಕಾಲು ಸೆಟೆದು ಬಿದ್ದಿತ್ತು. ಈ ಬೇನೆ ಹಿಡಿಯುವುದು ಬಡಕಲು ಮರಿಗಲ್ಲ, ಚೆನ್ನಾಗಿ ತಿನ್ನುವ ಮರಿಗೇ. ಅವತ್ತಿನಿಂದ ಕಾಳನ್ನು ವಾರಕ್ಕಿಷ್ಟಿಷ್ಟೇ ಏರಿಸಿದೆ.

90 ದಿನಕ್ಕೆ ಲೆಕ್ಕ ಹೀಗಾಯಿತು. ಯಳಗ ಸರಾಸರಿ 16.2 ಕೆ.ಜಿ.ಯಿಂದ 26.1ಕ್ಕೆ ಬಂತು, ದಿನಕ್ಕೆ 110 ಗ್ರಾಂ. ಕೆಂಗುರಿ 14ರಿಂದ 22.6, ದಿನಕ್ಕೆ 96 ಗ್ರಾಂ. ಜವಾರಿ 12.8ರಿಂದ 20.2, ದಿನಕ್ಕೆ 82 ಗ್ರಾಂ. ಕಟ್ಟೆಯ ಮೇಲಿನ ಯಳಗದ ಪಂಗಡ ಗೆದ್ದೆವು ಅಂತ ಕುಣಿಯಿತು. ನಾನು ಸುಮ್ಮನೆ ಇನ್ನೊಂದು ಲೆಕ್ಕ ಹಾಕಿದೆ. ಲೆಕ್ಕದ ಮೊದಲ ದಿನದ ತೂಕದ ಮೇಲೆ ಯಳಗವೂ ಕೆಂಗುರಿಯೂ ನೂರಕ್ಕೆ 61ರಷ್ಟು ಬೆಳೆದಿದ್ದವು, ಜವಾರಿ 58. ಒಂದು ಕೆ.ಜಿ. ಮೈ ಕೂಡಲು ಮೂರೂ ದಡ್ಡಿಯಲ್ಲಿ ಖರ್ಚಾದ ಕೈತಿಂಡಿ 3 ಕೆ.ಜಿ.ಯ ಆಸುಪಾಸು. ಅಂದರೆ ಯಳಗ ಹೆಚ್ಚು ತಿಂದು ಹೆಚ್ಚು ಬೆಳೆದಿತ್ತು, ಅಷ್ಟೇ.

ಮಾಂಸದ ಲೆಕ್ಕಕ್ಕೆ ಪರಿಚಯದ ಮಟನ್ ಅಂಗಡಿಯವರೊಬ್ಬರು ಒಪ್ಪಿದರು. ಮೂರೂ ತಳಿಯಲ್ಲಿ ಎರಡೆರಡು ಮರಿ. ರಾತ್ರಿಯಿಡೀ ಮೇವಿಲ್ಲ, ನೀರು ಮಾತ್ರ. ಒಂದು ಯಳಗ ಸಂಜೆ 27.9 ಕೆ.ಜಿ. ಇದ್ದದ್ದು ಬೆಳಿಗ್ಗೆ 26. ತಲೆ, ಕಾಲು, ತೊಗಲು, ಬೋಟಿ ಎಲ್ಲ ತೆಗೆದು ಕೊಕ್ಕೆಗೆ ಹಾಕಿದ ಮೇಲೆ 11.9 ಕೆ.ಜಿ. ಬೆಳಗಿನ ತೂಕಕ್ಕೆ ಹೋಲಿಸಿದರೆ ನೂರಕ್ಕೆ 46 ಸಿಕ್ಕಿತು, ಸಂಜೆಯ ತೂಕಕ್ಕೆ ಹೋಲಿಸಿದರೆ 43. ಮರಿ ಅದೇ, ಮಾಂಸ ಅದೇ! "ನಮ್ಮ ಕುರಿ ನೂರಕ್ಕ ಐವತ್ತು ಬೀಳತೈತಿ" ಅಂತ ಯಾರಾದರೂ ಅಂದರೆ ಯಾವಾಗ ತೂಗಿದ್ರಿ, ತಲೆಕಾಲು ಒಳಗೋ ಹೊರಗೋ ಅಂತ ಈಗ ನಾನು ಮೊದಲು ಕೇಳುತ್ತೇನೆ. ಕೆಂಗುರಿ ಸರಾಸರಿ 47 ಕೊಟ್ಟಿತು, ಜವಾರಿ 48. ಎರಡೆರಡೇ ಮರಿ, ಒಂದೆರಡು ಅಂಕಿಯ ಅಂತರ. ಇದನ್ನು ಹಿಡಿದುಕೊಂಡು ನಾನು ಯಾರೊಡನೆಯೂ ವಾದಕ್ಕೆ ಹೋಗುವುದಿಲ್ಲ.

ಎಲುಬಿನ ಮಾತು ತೆಗೆದಾಗ ಅಂಗಡಿಯವರು ನಕ್ಕರು. "ಎಲುಬಿನ ಸಮೇತನ ತೂಗಿ ಕೊಡ್ತೀನಲ್ರಿ ಅಣ್ಣಾರ, ನನಗೇನು ನಷ್ಟ? ಗಿರಾಕಿ ಕೇಳೂದು ಮಾಂಸ ಎಳೇದು ಐತೋ ಇಲ್ಲೋ ಅಂತ."

ಒಂದನ್ನು ಬಿಟ್ಟು ಉಳಿದವನ್ನು ಸಂತೆಗೆ ಹೊಡೆದೆ. ಅಲ್ಲಿ ತಕ್ಕಡಿಯ ಮಾತೇ ಇಲ್ಲ. ದಲ್ಲಾಳಿ ಬೆನ್ನು, ಸೊಂಟ ಒತ್ತಿ ನೋಡಿ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಹೇಳುತ್ತಾನೆ. ಎತ್ತರಕ್ಕೆ, ಕೊಂಬಿಗೆ, ಬಣ್ಣಕ್ಕೆ ಅಲ್ಲಿ ಬೆಲೆ. 8,500ಕ್ಕೆ ತಂದ ಯಳಗ 14,000ಕ್ಕೆ ಹೋಯಿತು, 6,000ಕ್ಕೆ ತಂದ ಜವಾರಿ 10,500ಕ್ಕೆ. ತಲೆಗೆ ನೋಡಿದರೆ ಯಳಗದ ಮೇಲೆ ಸಾವಿರ ರೂಪಾಯಿ ಜಾಸ್ತಿ. ಹಾಕಿದ ರೊಕ್ಕಕ್ಕೆ ನೋಡಿದರೆ ಜವಾರಿಯೇ ಮೇಲು. ಸತ್ತ ಆ ಒಂದು ಯಳಗವನ್ನೂ ಕಳೆದರೆ ತಲೆಯ ಲಾಭವೂ ಜವಾರಿಯದೇ ಜಾಸ್ತಿ. ಆ ಸಾವು ತಳಿಯ ತಪ್ಪಲ್ಲ, ನನ್ನದು.

ನೋಟ್‌ಬುಕ್ ಮತ್ತೆ ಮತ್ತೆ ತಿರುವಿದಾಗ ಕಣ್ಣಿಗೆ ಬಿದ್ದದ್ದು ಬೇರೆ. ಜವಾರಿಯ ಎಂಟರಲ್ಲೇ ಒಂದು 5 ಕೆ.ಜಿ. ಕೂಡಿತ್ತು, ಇನ್ನೊಂದು 10. ತಳಿತಳಿಯ ನಡುವಿನ ಅಂತರಕ್ಕಿಂತ ಇದೇ ದೊಡ್ಡದು. 10 ಕೆ.ಜಿ. ಕೂಡಿದ, ಕಿವಿಗೆ 17ನೇ ನಂಬರ್ ಹಾಕಿದ್ದ ಆ ಮರಿ ಯಳಗದ ಸಮಸಮ ಬೆಳೆದಿತ್ತು. ಮಾರಿದ ಕುರಿಗಾರ ಕಾಕಾನನ್ನು ಕೇಳಿದೆ. "ಅದು ಒಂಟಿ ಮರಿ ಹುಟ್ಟಿತ್ತಪಾ, ಅವ್ವಗ ಹಾಲು ಭಾಳ" ಅಂದ. 5 ಕೆ.ಜಿ.ಯದ್ದು ಅವಳಿಯಲ್ಲಿ ಒಂದು.

17ನ್ನು ಮಾರಲಿಲ್ಲ, ಬೀಜದ ಟಗರು ಮಾಡಿಕೊಂಡೆ. ಹಾಲಿನ ಗುಣ ಅದರಿಂದ ಮರಿಗಳಿಗೆ ಇಳಿಯುತ್ತದೋ ನೋಡಬೇಕು. ಈಗ ಮರಿ ಕೊಳ್ಳಲು ಹೋದಲ್ಲೆಲ್ಲ ತಾಯಿಯನ್ನು ತೋರಿಸಿ ಅಂತ ಕೇಳುತ್ತೇನೆ. ಸಂತೆಯಲ್ಲಿ ಕೇಳಿದರೆ ನಗುತ್ತಾರೆ, ಹಟ್ಟಿಗೇ ಹೋದರೆ ತೋರಿಸುತ್ತಾರೆ.